ಪೈನ್ ಟೀಪಾಯಿ: ಮೇಲೆ ನೋಡಿ ಮರುಳಾಗ್ಬೇಡಿ, ಮಗುಚಿ ನೋಡಿ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಹಾಲ್‌ನಲ್ಲಿ ಇಡೋ ಟೀಪಾಯಿ ಬಗ್ಗೆನೇ ಇತ್ತು, ಅದ್ರಲ್ಲೂ ಪೈನ್ ಮರದ್ದು. ಅದಕ್ಕೆ ಬಾಗಿಲು, ಕಪಾಟು, ಮಂಚದ ಪ್ರಶ್ನೆಗಳನ್ನೆಲ್ಲ ಮುಂದಿನ ಸಂಚಿಕೆಗೆ ಇಟ್ಕೊಂಡು ಇವತ್ತು ಇದೊಂದನ್ನೇ ಹಿಡಿದಿದೀನಿ. ಕೆಲವರು ಕಾಫಿ ಟೇಬಲ್ ಅಂದಿದಾರೆ, ಕೆಲವರು ಟೀಪಾಯಿ ಅಂದಿದಾರೆ, ಎರಡೂ ಒಂದೇ. ಅಂದ ಹಾಗೆ ಟೀಪಾಯಿಗೂ ಚಹಾಕ್ಕೂ ಸಂಬಂಧ ಇಲ್ಲ, ಮೂರು ಕಾಲಿನದ್ದು ಅನ್ನೋ ಅರ್ಥದ ಹಿಂದಿಯ ತಿಪಾಯಿಯಿಂದ ಬಂದ ಮಾತದು.

ಪ್ರಶ್ನೆ: ಹೋದ ತಿಂಗ್ಳು ಹೊಸ ಮನೆಗೆ ಬಂದ್ವಿ. ಏಳಡಿ ಸೋಫಾ ಇದೆ, ಕೂರೋ ಎತ್ತರ 17 ಇಂಚು. ಅಂಗಡೀಲಿ ಒಂದು ಪೈನ್ ಕಾಫಿ ಟೇಬಲ್ ನೋಡಿದೀವಿ, ತೆಳು ಹಳದಿ ಬಣ್ಣ, ಅಲ್ಲಲ್ಲಿ ಗಂಟು, ತುಂಬ ಇಷ್ಟ ಆಯ್ತು. ಆದ್ರೆ ನಮ್ಮತ್ತೆ "ಅದು ಪ್ಯಾಕಿಂಗ್ ಡಬ್ಬದ ಮರ ಕಣಮ್ಮ, ಅದಕ್ಕೆ ಯಾರಾದ್ರೂ ದುಡ್ಡು ಸುರೀತಾರಾ, ಸಾಗುವಾನೀಲಿ ಮಾಡ್ಸು" ಅಂತಿದಾರೆ. ಏಳು ವರ್ಷದ್ದೊಂದು, ನಾಲ್ಕು ವರ್ಷದ್ದೊಂದು ಮಕ್ಕಳಿದಾವೆ. ತಗೋಬಹುದಾ? ಏನೇನು ನೋಡ್ಬೇಕು? (ಓದುಗರು, ಮೈಸೂರು)

ಉತ್ತರ: ನಿಮ್ಮತ್ತೆ ಹೇಳಿದ್ದು ಪೂರ್ತಿ ತಪ್ಪಲ್ಲ ಕಣ್ರೀ. ನಮ್ ಕಡೆ ಪೈನ್ ಬಂದಿದ್ದೇ ಫ್ಯಾಕ್ಟರಿ ಮೆಷಿನ್ ಸುತ್ತ ಹೊಡೆದಿರೋ ಪೆಟ್ಟಿಗೆ ರೂಪದಲ್ಲಿ, ಹಳಬರ ಕಣ್ಣಿಗೆ ಅದು ಇವತ್ತಿಗೂ ಡಬ್ಬದ ಮರಾನೇ. ಸಾಗುವಾನಿ, ಬೀಟೆ, ಹೊನ್ನೆ, ಹಲಸು ನೋಡಿ ಬೆಳೆದವರಿಗೆ ಉಗುರಲ್ಲಿ ಒತ್ತಿದ್ರೆ ಗುರುತು ಬೀಳೋ ಮರ ಮರಾನೇ ಅಲ್ಲ. ಆದ್ರೆ ಯುರೋಪಿನ ಉತ್ತರದ ದೇಶಗಳಲ್ಲಿ ತಲೆತಲಾಂತರದಿಂದ ಮನೆ, ಮಂಚ, ಮೇಜು ಎಲ್ಲ ಇದೇ ಪೈನ್‌ದು. ನಮ್ಮ ಅಂಗಡಿಗಳಿಗೆ ಬರೋದ್ರಲ್ಲಿ ಒಂದಷ್ಟು ಅಲ್ಲೀದು, ಇನ್ನೊಂದಷ್ಟು ನ್ಯೂಜಿಲೆಂಡಿನ ರೇಡಿಯಾಟಾ ಪೈನ್. ರೇಡಿಯಾಟಾದ ತವರು ಕ್ಯಾಲಿಫೋರ್ನಿಯಾ, ನ್ಯೂಜಿಲೆಂಡಲ್ಲಿ ತೋಟ ಮಾಡಿ ಬೆಳೆಸಿ ಹೆಚ್ಚುಕಮ್ಮಿ 25–30 ವರ್ಷಕ್ಕೆ ಕಡೀತಾರೆ. ಬೇಗ ಬೆಳೆಯೋ ಮರ, ಅದಕ್ಕೇ ರೇಟು ಕಮ್ಮಿ, ಆದ್ರೆ ಮೆದು.

ಎಷ್ಟು ಮೆದು ಅಂತ ತಗೊಳ್ಳೋ ಮುಂಚೆ ಗೊತ್ತಿರ್ಲಿ. ಮರದ ಗಟ್ಟಿತನ ಅಳೆಯೋಕೆ ಜಂಕಾ ಅಂತ ಒಂದು ಪರೀಕ್ಷೆ ಇದೆ, ಸಣ್ಣ ಉಕ್ಕಿನ ಗುಂಡೊಂದನ್ನ ಅರ್ಧ ಮುಳುಗೋ ತನಕ ಮರಕ್ಕೆ ಒತ್ತಿ ಎಷ್ಟು ಬಲ ಬೇಕಾಯ್ತು ಅಂತ ಲೆಕ್ಕ ಹಾಕ್ತಾರೆ. ಬೀಟೆಗೆ 2,400 ಪೌಂಡ್ ಆಸುಪಾಸು, ಸಾಗುವಾನಿಗೆ ಸಾವಿರ ಚಿಲ್ಲರೆ, ರೇಡಿಯಾಟಾ ಪೈನ್‌ಗೆ 700 ಆಸುಪಾಸು, ಯುರೋಪಿನ ಸ್ಕಾಟ್ಸ್ ಪೈನ್‌ಗೆ 500 ಚಿಲ್ಲರೆ. ಅಂದ್ರೆ ಸಾಗುವಾನಿಯ ಅರ್ಧ, ಹೆಚ್ಚಂದ್ರೆ ಮೂರನೇ ಎರಡು ಭಾಗ ಅಂದ್ಕೊಳ್ಳಿ. ಇದರರ್ಥ ಮುರಿಯತ್ತೆ ಅಂತಲ್ಲ, ಗುರುತು ಬೀಳತ್ತೆ ಅಂತ. ನಮ್ಮನೆ ಪೈನ್ ಟೀಪಾಯಿಗೆ ಈಗ ಹನ್ನೊಂದು ವರ್ಷ, ಕಾಲು ಅಲ್ಲಾಡಿಲ್ಲ, ಹಲಗೆ ಬಿರುಕು ಬಿಟ್ಟಿಲ್ಲ, ಆದ್ರೆ ಮಗಳು ಎರಡನೇ ಕ್ಲಾಸಲ್ಲಿ ಕೆಳಗೆ ಪುಸ್ತಕ ಇಟ್ಕೊಳ್ಳದೆ ಒಂದೇ ಹಾಳೆ ಇಟ್ಟು ಬಾಲ್ ಪೆನ್ನಲ್ಲಿ ಒತ್ತಿ ಬರೆದ ಏಳರ ಮಗ್ಗಿ, ಸಾಯಂಕಾಲ ಕಿಟಕಿಯಿಂದ ಓರೆ ಬಿಸಿಲು ಬಿದ್ದಾಗ ಏಳೊಂದ್ಲೆ ಏಳರಿಂದ ಏಳಾರ್ಲೆ ತನಕ ಇವತ್ತಿಗೂ ಓದಬಹುದು. ನನಗೆ ಅದು ಇಷ್ಟ. ನಿಮಗೆ ಅಂಥದ್ದು ಕಣ್ಣಿಗೆ ಚುಚ್ಚತ್ತೆ, ಐದು ವರ್ಷ ಆದ್ಮೇಲೂ ಷೋರೂಮಲ್ಲಿದ್ದ ಹಾಗೇ ಇರ್ಬೇಕು ಅನ್ನೋದಾದ್ರೆ ಪೈನ್ ತಗೊಳ್ಳಲೇಬೇಡಿ, ಅತ್ತೆ ಮಾತು ಕೇಳಿ. ಇದೊಂದನ್ನ ಮನೇಲಿ ಕೂತು ತೀರ್ಮಾನ ಮಾಡ್ಕೊಂಡು ಆಮೇಲೆ ಅಂಗಡಿಗೆ ಹೋಗಿ.

ಹೋದ್ಮೇಲೆ ಮೊದಲನೇ ಕೆಲಸ, ಟೇಬಲ್ ಮೇಲಿರೋ ಹೂದಾನಿ ಪುಸ್ತಕ ಎಲ್ಲ ತೆಗೆಸಿ ಅದನ್ನ ಮಗುಚಿ ಹಾಕೋಕೆ ಹೇಳಿ. ಸಂಕೋಚ ಪಡ್ಬೇಡಿ. ಹೊರಗೆ ತಳಕು ಒಳಗೆ ಹುಳುಕು ಅನ್ನೋ ಗಾದೆ ಮೇಜು ನೋಡೇ ಕಟ್ಟಿದ್ದೇನೋ ಅನ್ನೋ ಅಷ್ಟು ಸರಿಯಾಗಿ ಹೊಂದತ್ತೆ, ಯಾಕಂದ್ರೆ ಮೇಲ್ಗಡೆ ಎಲ್ಲರೂ ಚೆನ್ನಾಗೇ ಮಾಡಿರ್ತಾರೆ, ಕೆಲಸದವನ ಮನಸ್ಸು ಗೊತ್ತಾಗೋದು ಕೆಳಗಡೆ. ಮೊದಲು ನೋಡ್ಬೇಕಾದ್ದು ನಿಜವಾಗ್ಲೂ ಮರಾನಾ ಅಂತ. ಪೈನ್ ಕಲರ್, ಪೈನ್ ಫಿನಿಷ್ ಅಂತ ಬರೆದಿರೋದು ತುಂಬ ಸಲ ಮರದ ಪುಡಿ ಒತ್ತಿದ ಬೋರ್ಡ್ ಮೇಲೆ ಚಿತ್ರ ಅಂಟಿಸಿರೋದು. ಮೇಲಿನ ಗೆರೆ ಹಲಗೆಯ ತುದೀಲಿ ತಿರುಗಿ ಬಳೆ ಬಳೆಯಾಗಿ ಮುಂದುವರೀಬೇಕು, ಅದು ಮರ. ಅಂಚಿಗೆ ಬೇರೆ ಪಟ್ಟಿ ಅಂಟಿಸಿದ್ರೆ, ಅಥವಾ ಅದೇ ಆಕಾರದ ಗಂಟು ಎರಡಡಿ ಆಚೆ ಮತ್ತೆ ಕಂಡ್ರೆ ಅದು ಚಿತ್ರ. ಮೇಲ್ಹಲಗೆ ಒಂದೇ ಅಗಲದ್ದಾಗಿರಲ್ಲ, ನಾಲ್ಕೈದು ಪಟ್ಟಿ ಸೇರಿಸಿ ಗೋಂದು ಹಾಕಿ ಒತ್ತಿರ್ತಾರೆ, ಅದೇನು ದೋಷ ಅಲ್ಲ, ಅದೇ ಸರಿಯಾದ ಕ್ರಮ.

ಆಮೇಲೆ ಗಂಟುಗಳು. ಗಂಟಿನ ಸುತ್ತ ಮರದ ಎಳೆ ಬಳಸಿಕೊಂಡು ಹೋಗಿದ್ರೆ ಅದು ಜೀವಂತ ಕೊಂಬಿನ ಗಂಟು, ಅಲ್ಲಾಡಲ್ಲ. ಸುತ್ತ ಕಪ್ಪು ಉಂಗುರ ಇದ್ರೆ ಅದು ಒಣಗಿದ ಕೊಂಬಿಂದು, ಒಂದಿನ ಬಿರಡೆ ಥರ ಬಿದ್ದು ತೂತಾಗತ್ತೆ. ಹಲಗೆ ಮಧ್ಯೆ ಗಂಟಿದ್ರೆ ಚಂದ, ಕಾಲಲ್ಲಿ ಇರಬಾರ್ದು, ತೆಳು ಕಾಲಲ್ಲಿ ಅಡ್ಡಡ್ಡ ಗಂಟಿದ್ರೆ ಮಗು ಮೇಲೆ ಹತ್ತಿ ನಿಂತ ದಿನ ಅಲ್ಲೇ ಮುರಿಯೋದು. ಬಿಳಿ ಪೇಂಟ್ ಹೊಡೆದಿರೋ ಪೈನ್ ತಗೊಳ್ಳೋರಿಗೆ ಇನ್ನೊಂದು ಮಾತು, ಗಂಟಲ್ಲಿ ರಾಳ ಇರತ್ತೆ, ಮೊದಲು ಅರಗಿನ ಪಾಲಿಷ್ ಹಚ್ಚಿ ಅದನ್ನ ಮುಚ್ಚಿರದಿದ್ರೆ ಒಂದೆರಡು ಬೇಸಿಗೆ ಕಳೆಯೋದ್ರೊಳಗೆ ಬಿಳಿ ಮೇಲೆ ಹಳದಿ ಕಲೆ ಎದ್ದು ಬರತ್ತೆ, ಎಷ್ಟು ಪೇಂಟ್ ಹೊಡೆದ್ರೂ ಮತ್ತೆ ಮತ್ತೆ.

ಕಾಲು ಹೇಗೆ ಕೂರಿಸಿದಾರೆ ಅನ್ನೋದ್ರ ಮೇಲೆ ಟೇಬಲ್ ಆಯಸ್ಸು ನಿಂತಿದೆ. ಮೆದು ಮರ ಆದ್ದರಿಂದ ಸ್ಕ್ರೂ ನೇರವಾಗಿ ಮರಕ್ಕೇ ಹೊಡೆದಿದ್ರೆ ಎರಡು ಮೂರು ಸಲ ಬಿಚ್ಚಿ ಹಾಕೋ ಅಷ್ಟರಲ್ಲಿ ತೂತು ಸವೆದು ಹಿಡಿತ ತಪ್ಪತ್ತೆ. ಮರದೊಳಗೆ ಲೋಹದ ನಟ್ ಕೂರಿಸಿ ಅದಕ್ಕೆ ಬೋಲ್ಟ್ ಹಾಕಿದ್ರೆ ಒಳ್ಳೇದು, ಹಲಗೆ ಕೆಳಗೆ ನಾಲ್ಕೂ ಕಡೆ ಪಟ್ಟಿ ಚೌಕಟ್ಟು ಇದ್ದು ಕಾಲು ಅದಕ್ಕೆ ಸೇರಿದ್ರೆ ಇನ್ನೂ ಒಳ್ಳೇದು. ಎರಡು ಎದುರುಬದುರು ಮೂಲೆ ಹಿಡಿದು ಹಿಂಡೋ ಥರ ಅಲ್ಲಾಡಿಸಿ ನೋಡಿ, ಕೀರ್ ಅಂದ್ರೆ ಬೇಡ ಅನ್ನಿ. ಕೆಳಗಡೆ ಕೈ ಆಡಿಸಿದಾಗ ಅಲ್ಲೂ ಪಾಲಿಷ್ ನುಣುಪು ಸಿಗ್ಬೇಕು, ಒರಟಾಗಿ ಹಸಿ ಮರ ಹಾಗೇ ಬಿಟ್ಟಿದ್ರೆ ತೇವ ಒಂದೇ ಕಡೆಯಿಂದ ಹೋಗಿ ಬಂದು ಹಲಗೆ ಬಟ್ಟಲಾಗತ್ತೆ. ಇನ್ನೊಂದು, ನಮ್ಮ ಮನೆಗಳಲ್ಲಿ ದಿನಾ ನೆಲ ಒರೆಸ್ತೀವಿ, ಒದ್ದೆ ಬಟ್ಟೆ ದಿನಕ್ಕೊಂದು ಸಲ ಕಾಲಿಗೆ ತಾಗತ್ತೆ, ಮರ ನೀರು ಹೀರೋದೇ ಕತ್ತರಿಸಿದ ತುದಿಯಿಂದ, ಅದು ನೆಲಕ್ಕೇ ಊರ್ಕೊಂಡಿರತ್ತೆ. ಫಾರಿನ್ ಡಿಸೈನ್ ಮಾಡೋರಿಗೆ ಇದು ಗೊತ್ತಿರಲ್ಲ. ಕಾಲಡಿಗೆ ಅರ್ಧ ಇಂಚಿನ ರಬ್ಬರ್ ಬುಷ್ ಹಾಕಿಸಿಕೊಂಡೇ ಮನೆಗೆ ತನ್ನಿ, ಹಾಕೋ ಮುಂಚೆ ಆ ತುದಿಗೆ ಎರಡು ಸಲ ಪಾಲಿಷ್ ಕುಡಿಸಿ.

ಅಳತೆ ವಿಷಯ. ಸೋಫಾ ಉದ್ದದ ಮೂರನೇ ಎರಡು ಭಾಗ ಅಂತ ಸಾಮಾನ್ಯವಾಗಿ ಹೇಳ್ತಾರೆ, ನಿಮ್ಮ ಏಳಡಿಗೆ 56 ಇಂಚು ಬರತ್ತೆ, ಆದ್ರೆ ಓಡಾಡೋ ಮಕ್ಕಳಿರೋದ್ರಿಂದ ನಾಲ್ಕಡಿ ಉದ್ದ ಎರಡಡಿ ಅಗಲ ಸಾಕು. ಎತ್ತರ 16 ಇಂಚು, ಕೂರೋ ಜಾಗಕ್ಕಿಂತ ಒಂದು ಇಂಚು ತಗ್ಗು. ಸೋಫಾಗೂ ಟೇಬಲ್‌ಗೂ ಮಧ್ಯೆ 16 ಇಂಚು ಬಿಡಿ, ಲೋಟ ಕೈಗೂ ಎಟಕ್ಬೇಕು, ಮೊಣಕಾಲೂ ತಾಗಬಾರ್ದು. ದುಡ್ಡು ಕೊಡೋ ಮುಂಚೆ ಅದೇ ಅಳತೆಗೆ ಹಳೇ ಪೇಪರ್ ನೆಲಕ್ಕೆ ಅಂಟಿಸಿ ಎರಡು ದಿನ ಅದನ್ನ ಬಳಸಿಕೊಂಡೇ ಓಡಾಡಿ, ಎಲ್ಲಿ ಎಡವ್ತೀರಿ ಅಂತ ಅದೇ ಹೇಳತ್ತೆ. ದಪ್ಪ ಒಂದಿಂಚು ಇರ್ಲಿ. ಮೂಲೆಗಳು ಉರುಟಾಗಿರ್ಬೇಕು, ನಾಲ್ಕು ವರ್ಷದ ಮಗು ಓಡ್ತಾ ಎಡವಿ ಬಿದ್ರೆ ಹಣೆ ಬಡಿಯೋದು ಅಲ್ಲಿಗೇ, ಜೊತೆಗೆ ಚೂಪು ಅಂಚಲ್ಲಿ ಪಾಲಿಷ್ ತೆಳುವಾಗಿ ಕೂತು ಅಲ್ಲಿಂದಲೇ ಏಳೋಕೆ ಶುರುವಾಗತ್ತೆ.

ಪೈನ್ ಪರವಾಗಿ ಒಂದು ಮಾತು ಅತ್ತೆಗೆ ಹೇಳಿ, ಈ ಅಳತೆಯ ಒಂದಿಂಚಿನ ಪೈನ್ ಹಲಗೆ ಒಂಬತ್ತು ಕೆಜಿ ಆಸುಪಾಸು ಬರತ್ತೆ, ಸಾಗುವಾನಿ ಆದ್ರೆ ಹನ್ನೆರಡು. ವರಮಹಾಲಕ್ಷ್ಮಿ ದಿನ ಹಾಲ್ ಖಾಲಿ ಮಾಡ್ಬೇಕಾದಾಗ ಒಬ್ಬರೇ ಎತ್ತಿ ಗೋಡೆಗೆ ಒರಗಿಸಬಹುದು, ಮೊಮ್ಮಕ್ಕಳ ಹೋಮ್‌ವರ್ಕ್ ಮೇಜೂ ಅದೇ ಆಗತ್ತೆ.

ಪ್ರಶ್ನೆ: ಬೆಂಗಳೂರಲ್ಲಿ ತಗೊಂಡ ಪೈನ್ ಟೀಪಾಯಿನ ಟ್ರಾನ್ಸ್‌ಫರ್ ಆದಾಗ ಮಂಗಳೂರಿಗೆ ತಂದ್ವಿ. ಜುಲೈ ಬರೋ ಅಷ್ಟರಲ್ಲಿ ಹಲಗೆ ಮಧ್ಯೆ ಉಬ್ಬಿ, ಲೋಟ ಇಟ್ರೆ ಓಲಾಡತ್ತೆ. ಅಂಗಡಿಯವನು ಮೋಸ ಮಾಡಿದ್ನಾ? (ಓದುಗರು, ಮಂಗಳೂರು)

ಉತ್ತರ: ಮರದಲ್ಲಿ ಮೋಸ ಇಲ್ಲ, ಅದನ್ನ ಕಟ್ಟಿ ಹಾಕಿದ ರೀತಿ ತಪ್ಪಾಗಿದೆ. ಎಲ್ಲಾ ಮರಾನೂ ಗಾಳಿಯ ತೇವ ಕುಡಿದು ಅಡ್ಡಡ್ಡಕ್ಕೆ ಹಿಗ್ಗತ್ತೆ, ಒಣಗಿದಾಗ ಕುಗ್ಗತ್ತೆ, ಉದ್ದಕ್ಕೆ ಮಾತ್ರ ಹೆಚ್ಚುಕಮ್ಮಿ ಏನೂ ಆಗಲ್ಲ. ಬೆಂಗಳೂರಿನ ಬೇಸಿಗೇಲಿ ಮರದ ತೇವ ಸುಮಾರು ನೂರಕ್ಕೆ 8–10 ಇದ್ರೆ ಮಂಗಳೂರಿನ ಮಳೆಗಾಲದಲ್ಲಿ 16 ದಾಟತ್ತೆ. ಎರಡಡಿ ಅಗಲದ ಹಲಗೆ ಅಷ್ಟಕ್ಕೆ ಅರ್ಧ ಸೆಂಟಿಮೀಟರ್‌ಗಿಂತ ಜಾಸ್ತಿನೇ ಅಗಲ ಆಗತ್ತೆ. ಕೆಳಗಡೆ ಚೌಕಟ್ಟಿಗೆ ಅದನ್ನ ಗೋಂದು ಹಾಕಿ, ಇಲ್ಲಾ ಸ್ಕ್ರೂ ಹೊಡೆದು ಅಲ್ಲಾಡದ ಹಾಗೆ ಬಿಗಿದಿದ್ರೆ ಪಾಪ ಅದು ಎಲ್ಲಿಗೆ ಹೋಗ್ಬೇಕು, ಮೇಲಕ್ಕೆ ಉಬ್ಬತ್ತೆ. ಮಗುಚಿ ನೋಡಿ, ಸ್ಕ್ರೂ ತೂತುಗಳು ಗುಂಡಗಿದಾವಾ ಉದ್ದ ಸೀಳಿನ ಥರ ಇದಾವಾ ಅಂತ. ಗುಂಡಗಿದ್ರೆ ಆಚಾರಿಗೆ ಹೇಳಿ ಅವನ್ನ ಹಲಗೆ ಹಿಗ್ಗೋ ದಿಕ್ಕಿಗೆ ಉದ್ದ ಮಾಡಿಸಿ, ವಾಷರ್ ಹಾಕಿ ಮತ್ತೆ ಸ್ಕ್ರೂ ಕೂರಿಸಿ, ತೀರಾ ಬಿಗಿ ಬೇಡ. ಕೆಳಭಾಗಕ್ಕೆ ಪಾಲಿಷ್ ಇಲ್ಲದಿದ್ರೆ ಮಳೆ ಮುಗಿದು ಡಿಸೆಂಬರಲ್ಲಿ ಮರ ಒಣಗಿದ ಮೇಲೆ ಹಚ್ಚಿಸಿ, ಈಗ ಹಚ್ಚಿದ್ರೆ ತೇವಾನ ಒಳಗೇ ಕೂಡಿ ಹಾಕಿದ ಹಾಗಾಗತ್ತೆ. ಉಬ್ಬು ಎಷ್ಟೋ ಇಳಿಯತ್ತೆ, ರಂದ ಹೊಡೆಸಿ ಸಮ ಮಾಡೋಕೆ ಈಗ್ಲೇ ಅವಸರ ಮಾಡ್ಬೇಡಿ, ಈಗ ಹೊಡೆಸಿದ್ರೆ ಬೇಸಿಗೇಲಿ ಅದೇ ಜಾಗ ತಗ್ಗಾಗತ್ತೆ. ಕರಾವಳೀಲಿ ಗೆದ್ದಲು ಕೂಡ ನೋಡ್ಕೊಳ್ಳಿ, ಪೈನ್ ಅಂದ್ರೆ ಅದಕ್ಕೆ ಹಬ್ಬದೂಟ, ಸಾಗುವಾನಿಯ ಚೇಗಿಗೆ, ಅಂದ್ರೆ ಒಳತಿರುಳಿಗೆ, ಇರೋ ತಡೆಯೋ ಶಕ್ತಿ ಇದಕ್ಕಿಲ್ಲ. ಟೇಬಲ್ ಗೋಡೆಗೆ ತಾಗಿಸಿ ಇಡಬೇಡಿ.

ಪ್ರಶ್ನೆ: ಪೀಣ್ಯ ಕಡೆ ಗುಜರಿ ಅಂಗಡೀಲಿ ಪ್ಯಾಲೆಟ್ (ಸರಕು ಸಾಗಿಸುವಾಗ ಅಡಿಗಿಡೋ ಮರದ ಚೌಕಟ್ಟು) ಪೈನ್ ಚೀಪಾಗಿ ಸಿಗತ್ತೆ, ಯೂಟ್ಯೂಬ್ ನೋಡಿ ನಾನೇ ಟೀಪಾಯಿ ಮಾಡೋಣ ಅಂತ. ಮನೆಯೊಳಗೆ ಇಡೋಕೆ ಸೇಫಾ? (ಓದುಗರು, ಬೆಂಗಳೂರು)

ಉತ್ತರ: ಮಾಡಿ, ಖಂಡಿತ ಮಾಡಿ, ಕೈಯಾರೆ ಮಾಡಿದ್ರ ಖುಷಿನೇ ಬೇರೆ. ಆದ್ರೆ ಮೊದಲು ಸೀಲ್ ಹುಡುಕಿ. ಹೊರದೇಶದಿಂದ ಬಂದ ಪ್ಯಾಲೆಟ್ ಮೇಲೆ ಗೋಧಿ ತೆನೆ ಚಿತ್ರ, ಐಪಿಪಿಸಿ ಅಂತ ಅಕ್ಷರ, ದೇಶದ ಕೋಡ್, ಪಕ್ಕದಲ್ಲಿ ಎರಡು ಇಂಗ್ಲಿಷ್ ಅಕ್ಷರ ಸುಟ್ಟು ಒತ್ತಿರ್ತಾರೆ. ಎಚ್‌ಟಿ ಅಂತಿದ್ರೆ ಮರದ ನಡುಭಾಗ 56 ಡಿಗ್ರಿ ತಲುಪಿ ಅರ್ಧ ಗಂಟೆ ನಿಲ್ಲೋ ಹಾಗೆ ಬಿಸಿ ಮಾಡಿದಾರೆ ಅಂತ, ಅದು ಬೇಕು. ಎಂಬಿ ಅಂತಿದ್ರೆ ಮೀಥೈಲ್ ಬ್ರೋಮೈಡ್ ಅನ್ನೋ ವಿಷದ ಗ್ಯಾಸ್ ಕೊಟ್ಟಿರೋದು, ಅದನ್ನ ಮನೆಗೆ ತರಬೇಡಿ. ಸೀಲೇ ಇಲ್ಲದಿದ್ರೆ ಅದರ ಮೇಲೆ ಏನು ಸಾಗಿಸಿದ್ರು ಅಂತ ಯಾರಿಗೂ ಗೊತ್ತಿರಲ್ಲ, ಎಣ್ಣೆ ಕಲೆ ಇದ್ರೂ ಕೆಮಿಕಲ್ ವಾಸನೆ ಬಂದ್ರೂ ಬಿಟ್ಟುಬಿಡಿ. ಹಸಿರು ಛಾಯೆ ಇರೋ ಪೈನ್ ಕೂಡ ಬೇಡ, ಹೊರಗಡೆ ಬೇಲಿ ಕಂಬಕ್ಕೆ ಅಂತ ತಾಮ್ರದ ದ್ರಾವಣ ಕುಡಿಸಿರೋದದು, ಕೆಲವು ದ್ರಾವಣದಲ್ಲಿ ಆರ್ಸೆನಿಕ್ ಇರತ್ತೆ.

ಎಚ್‌ಟಿ ಅಂದ ತಕ್ಷಣ ಒಣಗಿದೆ ಅಂತ ತುಂಬ ಜನ ತಿಳ್ಕೊಂಡಿದಾರೆ, ಹಾಗಲ್ಲ, ಅದು ಹುಳ ಸಾಯ್ಸೋಕೆ ಕೊಟ್ಟ ಬಿಸಿ ಅಷ್ಟೇ, ಮರ ಇನ್ನೂ ಹಸಿ ಇರಬಹುದು, ಮುಂದೆ ಗೆದ್ದಲು ಬರಲ್ಲ ಅನ್ನೋ ಗ್ಯಾರಂಟಿನೂ ಅಲ್ಲ. ಪಟ್ಟಿಗಳನ್ನ ಬಿಡಿಸಿ, ಒಂದರ ಮೇಲೊಂದು ಇಡುವಾಗ ಮಧ್ಯೆ ಸಣ್ಣ ಕಡ್ಡಿ ಕೊಟ್ಟು, ಬಿಸಿಲು ಬೀಳದ ಗಾಳಿ ಆಡೋ ಜಾಗದಲ್ಲಿ ಒಂದು ತಿಂಗಳಾದ್ರೂ ಬಿಡಿ. ರಂದ ಹೊಡೆಯೋ ಮುಂಚೆ ಒಂದು ಮ್ಯಾಗ್ನೆಟ್ ತಗೊಂಡು ಪ್ರತಿ ಪಟ್ಟಿ ಮೇಲೂ ನಿಧಾನಕ್ಕೆ ಎಳೀರಿ, ತಲೆ ಮುರಿದು ಒಳಗೇ ಉಳಿದ ಮೊಳೆ ಕಣ್ಣಿಗೆ ಕಾಣಲ್ಲ, ಮ್ಯಾಗ್ನೆಟ್ ಅಲ್ಲಿ ಹಿಡ್ಕೊಳ್ಳತ್ತೆ. ಅಲ್ಲಲ್ಲಿ ನೀಲಿ ಮಸಿ ಥರ ಇದ್ರೆ ಹೆದರ್ಬೇಡಿ, ಅದೊಂದು ಶಿಲೀಂಧ್ರದ ಬಣ್ಣ, ಒಣಗಿದ ಮೇಲೆ ಬೆಳೆಯಲ್ಲ, ಮರದ ಬಲಾನೂ ಅಷ್ಟಾಗಿ ಕುಗ್ಗಲ್ಲ. ಅಗಸೆ ಎಣ್ಣೆ ಹಚ್ಚೋರಾದ್ರೆ ಎಣ್ಣೆ ಒರೆಸಿದ ಬಟ್ಟೆ ಮುದ್ದೆ ಮಾಡಿ ಮೂಲೇಲಿ ಎಸೀಬೇಡಿ, ಅದು ತನ್ನಷ್ಟಕ್ಕೇ ಬಿಸಿಯಾಗಿ ಬೆಂಕಿ ಹತ್ತತ್ತೆ, ಇದು ಸುಮ್ನೆ ಹೆದರಿಸೋ ಮಾತಲ್ಲ. ಹರಡಿ ಒಣಹಾಕಿ, ಇಲ್ಲಾ ನೀರಲ್ಲಿ ಮುಳುಗಿಸಿ ಇಡಿ.

ಪ್ರಶ್ನೆ: ಬಿಸಿ ಕಾಫಿ ಲೋಟ ಇಟ್ಟು ಪೈನ್ ಟೇಬಲ್ ಮೇಲೆ ಬಿಳಿ ಉಂಗುರ ಬಿದ್ದಿದೆ, ಪಕ್ಕದಲ್ಲೇ ಡಬರಿ ಬಿದ್ದು ಒಂದು ಗುಳಿ. ಎರಡೂ ಹೋಗತ್ತಾ? (ಓದುಗರು, ಶಿವಮೊಗ್ಗ)

ಉತ್ತರ: ಬಿಳಿ ಉಂಗುರ ಹೋಗತ್ತೆ. ಸ್ಟೀಲ್ ಲೋಟದ ಬಿಸಿಗೆ ತೇವ ಪಾಲಿಷ್ ಪದರದೊಳಗೆ ಸಿಕ್ಕಿಹಾಕ್ಕೊಂಡಿದೆ, ಮರಕ್ಕೆ ತಾಗಿಲ್ಲ. ಹೇರ್ ಡ್ರೈಯರ್ ಕಮ್ಮಿ ಬಿಸೀಲಿ ಇಟ್ಟು ಒಂದೇ ಕಡೆ ನಿಲ್ಲಿಸದೆ ಆಡಿಸ್ತಾ ಇರಿ, ನಿಧಾನಕ್ಕೆ ಮಾಯ ಆಗತ್ತೆ. ಕಪ್ಪು ಉಂಗುರ ಆಗಿದ್ರೆ ನೀರು ಮರಕ್ಕೇ ಇಳಿದಿದೆ ಅಂತ ಅರ್ಥ, ಆಗ ಪಾಲಿಷ್ ತೆಗೆದು ಉಪ್ಪುಕಾಗದ ಹಾಕಲೇಬೇಕು.

ಗುಳಿ ವಿಷಯದಲ್ಲಿ ಪೈನ್‌ನ ಮೆದುತನವೇ ನಿಮ್ಮ ಕೈ ಹಿಡಿಯತ್ತೆ. ಡಬರಿ ಬಿದ್ದಾಗ ಮರ ಕಿತ್ತು ಹೋಗಿಲ್ಲ, ಎಳೆಗಳು ಅಮುಕಿ ಕೂತಿವೆ ಅಷ್ಟೇ. ಎಣ್ಣೆ ಪಾಲಿಷ್ ಆಗಿದ್ರೆ ಗುಳಿಗೆ ನಾಲ್ಕು ಹನಿ ನೀರು ಬಿಟ್ಟು ಹತ್ತು ನಿಮಿಷ ಬಿಡಿ, ಒದ್ದೆ ಕಾಟನ್ ಬಟ್ಟೆ ನಾಲ್ಕು ಮಡಿಕೆ ಮಾಡಿ ಅದರ ಮೇಲಿಟ್ಟು ಬಿಸಿ ಇಸ್ತ್ರಿ ಪೆಟ್ಟಿಗೆಯ ಚೂಪು ತುದೀನ ಐದಾರು ಸೆಕೆಂಡ್ ಒತ್ತಿ, ಸುಯ್ ಅಂತ ಹಬೆ ಬರತ್ತೆ, ಎತ್ತಿ, ನೋಡಿ, ಮತ್ತೆ ಒತ್ತಿ. ಮೂರನೇ ನಾಲ್ಕನೇ ಸಲಕ್ಕೆ ಅಮುಕಿದ ಎಳೆಗಳು ನೀರು ಕುಡಿದು ಕಣ್ಣೆದುರೇ ಮೇಲಕ್ಕೆ ಬರೋದು ಕಾಣತ್ತೆ. ಒಂದು ದಿನ ಒಣಗಿಸಿ ಸಣ್ಣ ಉಪ್ಪುಕಾಗದ ತಿಕ್ಕಿ ಎಣ್ಣೆ ಹಚ್ಚಿ. ಪಿಯು ಕೋಟಿಂಗ್ (ಪ್ಲಾಸ್ಟಿಕ್ ಪದರದ ಥರ ಕೂರೋ ಪಾಲಿಯುರೆಥೇನ್) ಆಗಿದ್ರೆ ಅದು ನೀರನ್ನ ಒಳಗೆ ಬಿಡಲ್ಲ, ಆ ಜಾಗದ ಕೋಟಿಂಗ್ ತೆಗೆದೇ ಮಾಡ್ಬೇಕು. ಚಾಕು ಗೀರಿದ ಗುರುತಿಗೆ ಈ ಉಪಾಯ ನಡೆಯಲ್ಲ, ಅಲ್ಲಿ ಎಳೆ ತುಂಡಾಗಿರತ್ತೆ. ಅರಿಶಿನದ ಕಲೆ ಬಗ್ಗೆ ಇನ್ನಿಬ್ಬರು ಕೇಳಿದಾರೆ, ಅದಕ್ಕೆ ಏನೂ ಹಾಕಿ ಉಜ್ಜಬೇಡಿ, ಟೇಬಲ್‌ನ ಬಿಸಿಲು ಬರೋ ಕಿಟಕಿ ಪಕ್ಕ ಎರಡು ಮೂರು ದಿನ ಇಡಿ, ಅರಿಶಿನದ ಬಣ್ಣಕ್ಕೆ ಬಿಸಿಲು ಆಗಿಬರಲ್ಲ, ತಾನಾಗೇ ಮಾಸತ್ತೆ.

ಪ್ರಶ್ನೆ: ನಮ್ಮ ಕಾಫಿ ತೋಟದಲ್ಲಿ ಗಾಳಿಗೆ ಬಿದ್ದ ಸಿಲ್ವರ್ ಓಕ್ ಎರಡು ಮರ ಇದೆ. ಮಗ ಪೈನ್ ಟೇಬಲ್ ಆನ್‌ಲೈನಲ್ಲಿ ಬುಕ್ ಮಾಡೋಣ ಅಂತಾನೆ, ನಂಗೆ ಮನಸ್ಸಿಲ್ಲ. ಏನ್ಮಾಡ್ಲಿ? (ಓದುಗರು, ಸಕಲೇಶಪುರ)

ಉತ್ತರ: ಬುಕ್ ಮಾಡ್ಬೇಡಿ. ಮನೆ ಹಿತ್ತಲಲ್ಲಿ ಮರ ಇಟ್ಕೊಂಡು ಸಾವಿರಾರು ಮೈಲಿ ದೂರದ ಮರ ಯಾಕೆ ತರಿಸ್ಬೇಕು. ಸಿಲ್ವರ್ ಓಕ್ ಕೂಡ ಆಸ್ಟ್ರೇಲಿಯಾದಿಂದ ಬಂದದ್ದೇ, ಆದ್ರೆ ಕಾಫಿಗೆ ನೆರಳಾಗಿ, ಮೆಣಸಿನ ಬಳ್ಳಿಗೆ ಆಸರೆಯಾಗಿ ನಿಮ್ಮ ತೋಟದ್ದೇ ಆಗಿಬಿಟ್ಟಿದೆ. ಸರಿಯಾಗಿ ಸೀಳಿಸಿದ್ರೆ ಹಲಗೆ ಮೇಲೆ ಮೀನಿನ ಹುರುಪೆ ಥರ ಹೊಳೆಯೋ ಚುಕ್ಕೆಗಳು ಬರ್ತಾವೆ, ಪೈನ್‌ಗೆ ಆ ಚಂದ ಇಲ್ಲ. ಕಷ್ಟ ಏನಂದ್ರೆ ಕಾಯ್ಬೇಕು. ಈಗ್ಲೇ ಒಂದೂಕಾಲು ಇಂಚಿಗೆ ಸೀಳಿಸಿ, ತುದಿಗಳಿಗೆ ಪೇಂಟ್ ಬಳಿದು, ಕಾಫಿ ಗೋಡೌನಿನ ಒಂದು ಮೂಲೇಲಿ ಕಡ್ಡಿ ಕೊಟ್ಟು ಜೋಡಿಸಿ. ಇಂಚಿಗೊಂದು ವರ್ಷ ಅನ್ನೋದು ಹಳೇ ಲೆಕ್ಕ, ಮಲೆನಾಡಿನ ಮಳೇಲಿ ಅದಕ್ಕಿಂತ ಕಮ್ಮಿ ಬೇಡ. ಉಪ್ಪುಕಾಗದ ಹೊಡೆಯೋವಾಗ ಮೈಕೈ ಮುಚ್ಕೊಂಡಿರಿ, ಮಾಸ್ಕ್ ಹಾಕ್ಕೊಳ್ಳಿ, ಈ ಮರದ ಪುಡಿ ಕೆಲವರ ಚರ್ಮಕ್ಕೆ ಅಲರ್ಜಿ ಮಾಡತ್ತೆ.

ಪ್ರಶ್ನೆ: ಪೈನ್ ಟೇಬಲ್ ಬಿಳಿಚಿಕೊಂಡಿದ್ದದ್ದು ಎರಡು ವರ್ಷಕ್ಕೆ ಜೇನಿನ ಬಣ್ಣಕ್ಕೆ ಬಂದಿದೆ. ಮೊನ್ನೆ ಮ್ಯಾಟ್ ತೆಗೆದು ನೋಡಿದ್ರೆ ಅದರಡಿ ಚೌಕ ಮಾತ್ರ ಹಳೇ ಬಿಳಿ ಬಣ್ಣದಲ್ಲೇ ಇದೆ. ಪಾಲಿಷ್ ಹಾಕಿಸ್ಲಾ? (ಓದುಗರು, ಹುಬ್ಬಳ್ಳಿ)

ಉತ್ತರ: ಬೇಡ. ಬೆಳಕಿಗೆ ಪೈನ್ ಬಣ್ಣ ಏರತ್ತೆ, ಮ್ಯಾಟ್ ಅಡಿ ಬೆಳಕು ಬಿದ್ದಿಲ್ಲ ಅಷ್ಟೇ. ಮ್ಯಾಟ್ ಎತ್ತಿಟ್ಟು ನಾಲ್ಕೈದು ತಿಂಗಳು ಟೇಬಲ್ ಮೇಲೆ ಏನೂ ಹಾಸಬೇಡಿ, ಆ ಚೌಕ ಬರ್ತಾ ಬರ್ತಾ ಉಳಿದದ್ದರ ಜೊತೆ ಸೇರ್ಕೊಳ್ಳತ್ತೆ. ಆಮೇಲೆ ಮ್ಯಾಟ್ ಹಾಕಿದ್ರೂ ವಾರಕ್ಕೊಂದ್ಸಲ ಜಾಗ ಬದಲಾಯಿಸ್ತಾ ಇರಿ.